ನೀರು ಬಂತು ಎಂಬ ನೋಟಿಫಿಕೇಶನ್

ಮೊಬೈಲಿನಲ್ಲಿ ಒತ್ತಕ್ಷರ ಸರಿಯಾಗಿ ಮೂಡುತ್ತದೋ ಇಲ್ಲವೋ ನೋಡೋಣ ಎಂದು ನಾನು ಬರೆದದ್ದು ಇಷ್ಟೇ: "ನೀರು ಬಂತು, ಹಿಡ್ಕೊಳ್ಳಿ!" ಸುಮ್ಮನೆ 'ಟೆಸ್ಟ್' ಎಂದು ಬರೆದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಜೆ.ಪಿ. ನಗರದ ನಮ್ಮ ಬೀದಿಯ ಬಗ್ಗೆ ನಾನೊಂದು ಬ್ಲಾಗ್ ಬರೆಯುತ್ತೇನೆ. ಗಸಗಸೆ ಪಾಯಸದಿಂದ ಹಿಡಿದು ಬೀದಿನಾಯಿಯವರೆಗೆ ಏನೇ ಬರೆದರೂ ಜನ ಓದುವುದು ಕಾವೇರಿ ನೀರು ಯಾವಾಗ ಎಂಬ ಸುದ್ದಿಯೊಂದನ್ನೇ. ಅದಕ್ಕೇ ಒಂದು ಆ್ಯಪ್ ಮಾಡಿಸಿದೆ. ನೀರು ಬಿಟ್ಟ ಕೂಡಲೇ ಎಲ್ಲರ ಮೊಬೈಲಿಗೂ ನೋಟಿಫಿಕೇಶನ್ ಹೋಗಬೇಕು. ಅದನ್ನು ಜೋಡಿಸಲು ಆ ಬೆಳಿಗ್ಗೆ ಕೂತೆ. 'ನನ್ನ ಫೋನಿಗೆ ಮಾತ್ರ', 'ಎಲ್ಲರಿಗೂ' ಎಂದು ಎರಡು ಆಯ್ಕೆ ಇದ್ದವು. ಮೊದಲೇ ಟಿಕ್ ಆಗಿದ್ದದ್ದು 'ಎಲ್ಲರಿಗೂ'. ಅದನ್ನು ನೋಡದೆ ಕಳಿಸಿಬಿಟ್ಟೆ.

ನನ್ನ ಫೋನು ಟಿಂಗ್ ಎಂದಿತು. ಅಬ್ಬಾ, ಬಂತಲ್ಲ ಎಂದುಕೊಳ್ಳುವಷ್ಟರಲ್ಲಿ ಕೆಳಗಿನ ಮನೆಯಲ್ಲಿ ಓನರ್ ಆಂಟಿಯ ಫೋನೂ ಟಿಂಗ್ ಎಂದಿತು. ಹಿಂದೆಯೇ ಡ್ರಮ್ ಉರುಳಿಸಿದ ಸದ್ದು.

ನಮ್ಮ ಬೀದಿಯಲ್ಲಿ ಹೊಸ ನೀರು ಬಂತೆಂದರೆ ಹಳೆಯದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಚೆಲ್ಲಿ, ಡ್ರಮ್ ಉಜ್ಜಿ, ಹೊಸದನ್ನೇ ತುಂಬಿಸಬೇಕು. ನಾನು ಮೆಟ್ಟಿಲಿಳಿದು ಓಡುವ ಹೊತ್ತಿಗೆ ನೀರೆಲ್ಲ ಮೋರಿ ಸೇರಿತ್ತು.

"ಒಳ್ಳೇ ಟೈಮಿಗೆ ಹೇಳ್ದೆ ಕಣಮ್ಮಾ!" ಎಂದರು ಆಂಟಿ.

"ಆಂಟಿ, ನೀರು ಬಂದಿಲ್ಲ. ಅದು ಬರೀ ಟೆಸ್ಟು."

"ಟೆಸ್ಟಾ? ಅಯ್ಯೋ ನಿನ್ ಮನೆ ಕಾಯ್ವಾಗ! ಬಾಣಂತಿ ಸ್ನಾನಕ್ಕೆ ಇಟ್ಟಿದ್ ನೀರು ಕಣೇ ಅದು!"

ನಾನು ಬಾಡಿಗೆಗಿರುವ ಆ ಮನೆ ಅವರದೇ ಎಂಬುದು ಆಗ ಇಬ್ಬರಿಗೂ ಹೊಳೆಯಲಿಲ್ಲ. ಅಂದು ಅವರ ಮಗಳಿಗೆ ಹೆರಿಗೆಯಾಗಿ ಹನ್ನೊಂದನೆಯ ದಿನ. ತಾಯಿ, ಮಗು ಇಬ್ಬರಿಗೂ ಸ್ನಾನವಾಗಿ ಸೂತಕ ಕಳೆಯಬೇಕು, ಮಧ್ಯಾಹ್ನ ಮಗುವನ್ನು ತೊಟ್ಟಿಲಿಗೆ ಹಾಕಲು ನೆಂಟರು ಬರುವವರಿದ್ದರು. ಬೋರ್‌ವೆಲ್ ಬತ್ತಿತ್ತು, ಸಂಪು ಖಾಲಿ. ಟ್ಯಾಂಕರಿನವನು ಫೋನೇ ಎತ್ತಲಿಲ್ಲ. ನನ್ನ ಮನೆಯಲ್ಲಿದ್ದ ಒಂದೇ ಒಂದು ಬಕೆಟ್ ನೀರನ್ನು ಇಳಿಸಿದೆ. ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಕೂತಿದ್ದ ಮಗಳು, "ಮಗೂಗೆ ಸಾಕಾಗುತ್ತೆ ಬಿಡಿ ಅಕ್ಕ," ಎಂದಳು. ಬೈದಿದ್ದರೇ ವಾಸಿಯಿತ್ತು.

'ತಪ್ಪಾಯಿತು, ನೀರು ಬಂದಿಲ್ಲ' ಎಂದು ಮತ್ತೆ ಎಲ್ಲರಿಗೂ ಕಳಿಸಿದೆ. ಎದುರು ಮನೆಯವರು ಖಾಲಿ ಬಿಂದಿಗೆ ಹಿಡಿದು ಗೇಟಿನಲ್ಲೇ ನಿಂತು ಉಗಿದರು. ನಾನು ನಮ್ಮ ಗೇಟಿನ ಪಕ್ಕದ ನಲ್ಲಿ ತಿರುಗಿಸಿ, ಅದರ ಕೆಳಗೆ ಕೈಯೊಡ್ಡಿ ಕೂತೆ. ತಾಯೀ ಕಾವೇರಿ, ಇವತ್ತೊಂದು ದಿನ ಮಾನ ಕಾಪಾಡು ಎಂದು ಬೇಡಿಕೊಂಡೆ. ಬಿಸಿಲೇರಿತು. ಒಳಗೆ ಮಗು ಅಳುತ್ತಿತ್ತು.

ಕೊನೆಗೆ ನಲ್ಲಿ ಬುಸ್ಸೆಂದು ಗಾಳಿ ಕಾರಿ, ಕೆಮ್ಮಿ, ನೀರು ಬಿಟ್ಟಿತು. ಅಲ್ಲೇ ಮೊಬೈಲಿನಿಂದ 'ನೀರು ಬಂತು' ಎಂದು ಕಳಿಸಿದೆ. ಆಂಟಿಯ ಫೋನು ಟಿಂಗ್ ಎಂದದ್ದು ಹೊರಗೂ ಕೇಳಿಸಿತು. ಒಬ್ಬರೂ ಆಚೆ ಬರಲಿಲ್ಲ. ಬೀದಿಯ ಒಂದು ಬಾಗಿಲೂ ತೆರೆಯಲಿಲ್ಲ. ನೀರು ಎಷ್ಟು ಹೊತ್ತು ಬರುತ್ತದೋ ಯಾರಿಗೆ ಗೊತ್ತು. ಒಳಗೆ ಓಡಿದೆ.

"ಆಂಟಿ, ನೀರು!"

"ಸಾಕು ಹೋಗಮ್ಮಾ. ಇದಿನ್ಯಾವ ಟೆಸ್ಟು?"

ಏನು ಹೇಳಿದರೂ ನಂಬುವಂತಿರಲಿಲ್ಲ. ಒದ್ದೆ ಕೈಯನ್ನು ಅವರ ಕೆನ್ನೆಗೆ ಒತ್ತಿಬಿಟ್ಟೆ. ಬೆಚ್ಚಿಬಿದ್ದು ನನ್ನ ಕೈ ಹಿಡಿದು ನೋಡಿದರು.

"ಏಳೇ, ನೀರು ಬಂತು!" ಎಂದು ಮಗಳನ್ನು ಕೂಗಿದರು.

ನಾನು ಫೋನನ್ನು ಅಲ್ಲೇ ಜಗಲಿಯ ಮೇಲಿಟ್ಟು, ಮತ್ತೆ ನಲ್ಲಿಯಲ್ಲಿ ಕೈ ನೆನೆಸಿಕೊಂಡು, ಎದುರು ಮನೆಯ ಗೇಟು ಬಡಿಯಲು ಹೋದೆ.