ಏಳು ಪಾದದ ನೆರಳಿಗೆ ಎಷ್ಟು ಗಂಟೆ?

ನೀರುಗಂಟಿ ಮುದ್ದಯ್ಯನಿಗೆ ಓದು ಬರಹ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಎಡವಟ್ಟಾದದ್ದೇ ಅದರಿಂದ.

ನಾನು ಗುಂಡ್ಲುಪೇಟೆಯವನು. ಐವತ್ತೇಳರಲ್ಲಿ ಕುದೇರಿನ ಹತ್ತಿರದ ಒಂದು ಊರಿಗೆ ಮೇಷ್ಟ್ರಾಗಿ ಹೋದೆ. ಅಲ್ಲಿನ ಕೆರೆಯ ತೂಬು ತೆಗೆದು, ಗದ್ದೆಗಳಿಗೆ ಸರದಿಯಂತೆ ನೀರು ತಿರುಗಿಸುವುದು ಮುದ್ದಯ್ಯನ ಮನೆತನದ ಕೆಲಸ. ಅವನ ಕ್ರಮ ಹೀಗೆ: ಹೊತ್ತು ಹುಟ್ಟುತ್ತಲೇ ಮೇಲುಬಯಲಿಗೆ ನೀರು. ನಿಂತವನ ನೆರಳು ಅವನದೇ ಏಳು ಪಾದಕ್ಕೆ ಕುಗ್ಗಿದಾಗ ನಡುಬಯಲಿಗೆ. ಮಧ್ಯಾಹ್ನ ಕಳೆದು ಮತ್ತೆ ಏಳು ಪಾದಕ್ಕೆ ಬೆಳೆದಾಗ ಕೊನೆಬಯಲಿಗೆ. ಹೊತ್ತು ಮುಳುಗಿದರೆ ತೂಬು ಬಂದ್. ಅವನ ಅಪ್ಪ, ತಾತ ಎಲ್ಲರೂ ಹೀಗೇ ನಡೆಸಿದ್ದರು. ಒಬ್ಬರೂ ತಕರಾರು ಎತ್ತಿರಲಿಲ್ಲ.

ಆ ವರ್ಷ ಮುದ್ದಯ್ಯನ ಕಣ್ಣಿಗೆ ಪೊರೆ ಕಟ್ಟಿತು. ದಾರಿ ತಡವಿಕೊಂಡು ನಡೆಯುತ್ತಿದ್ದ, ನೆರಳು ಮಾತ್ರ ಕಾಣದಾಯಿತು. ಪಂಚಾಯಿತಿಯವರು ಚಾಮರಾಜನಗರದಿಂದ ಅಲಾರಂ ಗಡಿಯಾರ ತಂದು ನನ್ನ ಮೇಜಿನ ಮೇಲಿಟ್ಟರು. ನೆರಳಿನ ಲೆಕ್ಕವನ್ನು ನಾನು ಗಡಿಯಾರದ ಲೆಕ್ಕ ಮಾಡಿಕೊಡಬೇಕು, ಆ ಹೊತ್ತಿಗೆ ಶಾಲೆಯ ಗಂಟೆ ಬಾರಿಸಬೇಕು. ಅದನ್ನು ಕೇಳಿ ಮುದ್ದಯ್ಯ ನೀರು ತಿರುಗಿಸುತ್ತಾನೆ.

ಇದೆಂಥ ಮಹಾ ಕೆಲಸ ಅಂದುಕೊಂಡೆ. ಆಗಸ್ಟಿನ ಒಂದು ದಿನ ಬಿಸಿಲಲ್ಲಿ ನಿಂತು ನನ್ನ ನೆರಳನ್ನು ಅಳೆದೆ. ಬೆಳಗ್ಗೆ ಒಂಬತ್ತೂಕಾಲು, ಸಂಜೆ ಮೂರು ನಲವತ್ತು. ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಮೋಡದ ದಿನವೂ ಸರದಿ ತಪ್ಪದಿರುವುದನ್ನು ಕಂಡು ಊರವರು ಹೊಗಳಿದರು. ನಾನೂ ಉಬ್ಬಿದೆ.

ಕಾರ್ತಿಕದಲ್ಲಿ ಚಿಕ್ಕಬಸಮ್ಮ ಶಾಲೆಯ ಬಾಗಿಲಿಗೆ ಬಂದು ನಿಂತಳು. ಗಂಡ ಸತ್ತವಳು. ಕೊನೆಬಯಲಿನ ತೀರಾ ತುದಿಯ ಗದ್ದೆ ಅವಳದು.

"ಮೇಷ್ಟ್ರೇ, ನೀರು ನನ್ ಗದ್ದೆಗಂಟ ಬತ್ತಾನೇ ಇಲ್ಲ. ಪೈರು ಒಡೆ ಬರೋ ಒತ್ನಲ್ಲಿ ನೆಲ ಬಾಯ್ಬುಟ್ಟದೆ. ನಂಗಿರೋದು ಅದೊಂದೇ ಗದ್ದೆ ಕಣಪ್ಪ."

ಗಂಟೆ ನಾನು ಒಂದು ದಿನವೂ ತಪ್ಪಿಸಿರಲಿಲ್ಲ. ಅನುಮಾನ ಬಂದು, ಭಾನುವಾರ ಗಡಿಯಾರವನ್ನು ಕಂಕುಳಲ್ಲಿಟ್ಟುಕೊಂಡು ಕೆರೆ ಏರಿಯ ಮೇಲೆ ಹೋಗಿ ನಿಂತೆ. ಮಧ್ಯಾಹ್ನದ ಮೇಲೆ ನೆರಳು ಏಳು ಪಾದ ಮುಟ್ಟಿದಾಗ ಗಡಿಯಾರ ನೋಡಿದೆ. ಎರಡೂವರೆ! ಸೂರ್ಯ ಆಗಲೇ ದಕ್ಷಿಣಕ್ಕೆ ವಾಲಿದ್ದ, ಸಂಜೆಯೂ ಬೇಗ ಆಗುತ್ತಿತ್ತು. ಕೊನೆಬಯಲಿನವರ ನೀರಿನಲ್ಲಿ ಒಂದು ಗಂಟೆಗೂ ಮಿಕ್ಕಿ ನಾನು ದಿನಾ ಕದ್ದಿದ್ದೆ. ಹಗಲು ಹಿಗ್ಗಿ ಕುಗ್ಗುವುದನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದವನೂ ನಾನೇ, ನೋಡಿ.

ತೂಬಿನ ಬಳಿ ಕೂತಿದ್ದ ಮುದ್ದಯ್ಯನಿಗೆ ಹೋಗಿ ಹೇಳಿದೆ.

"ಗೊತ್ತಿತ್ತು ಬುದ್ದಿ," ಅಂದ. "ಬಿಸ್ಲು ಬೆನ್ಗೆ ಬೀಳೋ ವರಸೆಲೇ ಗೊತ್ತಾಯ್ತಿತ್ತು, ಗಂಟೆ ತಡ ಅಂತ. ನೀವು ಓದ್ದೋರು, ಬರ್ದು ಅಂಟ್ಸೀರಿ. ನಾನೇನೇಳದು ಅಂತ ಸುಮ್ನಾಗ್ಬುಟ್ಟೆ."

ನಾಚಿಕೆಯಿಂದ ಕುಗ್ಗಿಹೋದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಾಳೆಯಿಂದ ಗಂಟೆ ತಪ್ಪಿದರೆ ಬಾಯಿ ಬಿಟ್ಟು ಬೈಯಬೇಕು ಮುದ್ದಯ್ಯ, ನನ್ನಾಣೆ," ಅಂದೆ. ಅವನು ನಕ್ಕು ತಲೆ ಕೆರೆದುಕೊಂಡ.

ಗೋಡೆಯ ಚೀಟಿ ಕಿತ್ತುಹಾಕಿದೆ. ಹದಿನೈದು ದಿನಕ್ಕೊಮ್ಮೆ ನೆರಳು ಅಳೆದು ಹೊಸ ಹೊತ್ತು ಬರೆಯತೊಡಗಿದೆ. ಅಳೆಯುವಾಗ ಮುದ್ದಯ್ಯ ಪಕ್ಕದಲ್ಲಿ ನಿಂತು, ನನ್ನ ಬೆನ್ನು ತಡವಿ ನೋಡಿ, "ನೆಟ್ಟಗೆ ನಿಂತ್ಕಳಿ, ಗೂನು ಮಾಡಬೇಡಿ," ಎಂದು ಗದರಲು ಕಲಿತ. ನಾಲ್ಕೈದು ದಿನದಲ್ಲೇ ಚಿಕ್ಕಬಸಮ್ಮನ ಗದ್ದೆಯಲ್ಲಿ ನೀರು ನಿಂತಿತು.

ಒಂದು ಮಧ್ಯಾಹ್ನ ಕಾಪಿ ಪುಸ್ತಕ ತಿದ್ದುತ್ತಾ ಮೈಮರೆತಿದ್ದೆ. ಕೆರೆ ಏರಿಯ ಮೇಲಿಂದ ಊರಿಗೆಲ್ಲ ಕೇಳುವಂತೆ ಕೂಗು ಬಂತು:

"ಏನ್ ಮೇಷ್ಟ್ರೇ, ಮಲೀಕಬುಟ್ರಾ? ಕೊನೆಬಯ್ಲೋರು ಕಾಯ್ತಾವ್ರೆ, ಒಡೀರಿ ಗಂಟೆಯ!"

ಮಕ್ಕಳು ಘೊಳ್ಳೆಂದು ನಕ್ಕರು. ನನಗೆ ಅಷ್ಟು ಸಂತೋಷ ಕೊಟ್ಟ ಬೈಗುಳ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ. ಓಡಿಹೋಗಿ ಗಂಟೆ ಬಾರಿಸಿದೆ.