ಅಜ್ಜಿ ತಳ್ಳಿದ ಬಾಗಿಲು

ಇವತ್ತು ಕಡೂರಿನ ಮನೆಯ ಬಚ್ಚಲಲ್ಲಿ ಫಿಲ್ಮ್ ತೊಳೆಯಲು ಕೂತು ಚಿತ್ರ ಅಳಿಯದಂತೆ ನಿಲ್ಲಿಸುವ ಫಿಕ್ಸರ್ ದ್ರಾವಣದ ಬಾಟಲಿಯ ಮುಚ್ಚಳ ತೆಗೆದೆ. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ತಡ, ಬೀರೂರಿನ ಹಳೇ ಬಚ್ಚಲಮನೆಯ ಮುಂದೆ ಮತ್ತೆ ಪುಟ್ಟ ಹುಡುಗಿಯಾಗಿ ಲಂಗ ಹಿಡಿದು ನಿಂತಿದ್ದೆ.

ಒಳಗೆ ಅಪ್ಪ. ರೈಲ್ವೆ ಕೆಲಸಕ್ಕೆ ರಜೆಯಿದ್ದ ದಿನ ಕಿಟಕಿಗೆ ಕಂಬಳಿ ಬಿಗಿದು ಕಪ್ಪು-ಬಿಳುಪು ರೀಲು ತೊಳೆಯುವುದು ಅವರ ಹುಚ್ಚು. ಹೊರಗೆ ಅವರ ಅವ್ವ, ನನ್ನಜ್ಜಿ. ಫೋಟೊ ತೆಗೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆಂದು ನಂಬಿದವಳು. ಕ್ಯಾಮೆರಾ ಕಂಡರೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಆ ವಾಸನೆಯ ಮೇಲೂ ಅವಳಿಗೆ ಅನುಮಾನ, ಮಗನ ಮೇಲೂ ಅನುಮಾನ.

"ಮಟಮಟ ಮಧ್ಯಾಹ್ನ ಕತ್ಲೆ ಮಾಡ್ಕೊಂಡು ಕೂರೋರು ಮಾಟ ಮಾಡೋರು ಕಣೇ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಮರುಕ್ಷಣ, "ಲೇ, ಏನ್ ಮಾಡ್ತಿದೀಯೋ ಒಳಗೆ?" ಎಂದು ಬಾಗಿಲು ತಳ್ಳಿಯೇಬಿಟ್ಟಳು. ಸಡಿಲ ಚಿಲಕ ಕಳಚಿತು. ಅಪ್ಪನ ಕೈಯಲ್ಲಿ ಬಿಚ್ಚಿದ್ದ ರೀಲಿನ ಮೇಲೆ ಬಿಸಿಲು ಬಿತ್ತು.

ಅಪ್ಪ ಬೈಯಲಿಲ್ಲ. "ಇದ್ರಲ್ಲಿ ನೀನೇ ಇದ್ದೆ ಕಣವ್ವ. ಕರು ಜೊತೆ ಮಾತಾಡ್ಕೊಂಡು ನಗ್ತಿದ್ದೆ. ನಿಂಗೆ ಗೊತ್ತಾಗ್ದಂಗೆ ತೆಗ್ದಿದ್ದೆ. ತೊಳೆಯೋಕ್ ಮುಂಚೇನೇ ಬೆಳಕು ಬಿತ್ತಲ್ಲ, ಎಲ್ಲಾ ಹೋಯ್ತು," ಎಂದರು.

"ಸುಳ್ಳು," ಎಂದಳು ಅಜ್ಜಿ. ಆದರೂ ರೀಲು ಕಸಿದುಕೊಂಡು, ಬಿಸಿಲಿಗೆ ಹಿಡಿದು, ತುದಿಯಿಂದ ತುದಿಗೆ ಹುಡುಕಿದಳು.

"ಎಲ್ಲೋ ಇದೀನಿ? ತೋರ್ಸು."

ಅವಳ ಫೋಟೊ ನಮ್ಮ ಯಾವ ಗೋಡೆಯ ಮೇಲೂ ಇಲ್ಲ.

"ಅಮ್ಮಾ, ಒಳಗೇನ್ ಮಾಡ್ತಿದೀಯಾ?" ಈಗ ಕಡೂರಿನ ಬಚ್ಚಲ ಹೊರಗೆ ನನ್ನ ಮಗಳು ಬಾಗಿಲು ಬಡಿಯುತ್ತಿದ್ದಾಳೆ. ಚಿಲಕ ಗಟ್ಟಿಯಾಗಿಯೇ ಇದೆ. ಆದರೂ ಅದರ ಮೇಲೆ ನನಗೇ ನಂಬಿಕೆಯಿಲ್ಲ; ದೀಪ ಆರಿಸಿ, ಬಾಗಿಲಿಗೆ ಬೆನ್ನು ಒತ್ತಿ ನಿಂತು ರೀಲು ಬಿಚ್ಚುತ್ತೇನೆ.