ನಿರ್ದೇಶಕರ ಮೇಲೆ ಚಹಾ ಚೆಲ್ಲಿದ್ದು

ಮೊನ್ನೆ ಸಂಜೆ ಕುವೈತಿನ ಅಬು ಹಲೀಫಾದ ನಮ್ಮ ಫ್ಲ್ಯಾಟಿನಲ್ಲಿ ಬಟ್ಟೆ ಮಡಚುತ್ತ ಕುಳಿತಿದ್ದೆ. ಟಿ.ವಿ.ಯಲ್ಲಿ ಒಬ್ಬ ಬ್ರಿಟಿಷ್ ಸಿನಿಮಾ ನಿರ್ದೇಶಕರು ತೀರಿಕೊಂಡ ಸುದ್ದಿ ಬಂತು. ಜೊತೆಗೆ ಉರಿಯುವ ಎಣ್ಣೆಬಾವಿಗಳ ಹಳೆಯ ಚಿತ್ರ. ಇಷ್ಟು ವರ್ಷಗಳ ಮೇಲೂ ಆ ಮಸಿಯ ವಾಸನೆ ಮೂಗಿಗೆ ಬಡಿಯಿತು. ಅವರ ಹೆಸರು ಹೇಳಲಾರೆ. ಯಾಕೆಂದು ನಿಮಗೇ ತಿಳಿಯುತ್ತದೆ.

ತೊಂಬತ್ತೊಂದರ ಯುದ್ಧ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ನಾನು ಫರ್ವಾನಿಯಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಚಿತ್ರೀಕರಣಕ್ಕೆಂದು ಬಂದ ಆ ಹಿರಿಯರಿಗೆ ಹೃದಯದ ತೊಂದರೆ ಇದ್ದುದರಿಂದ ನನ್ನನ್ನು ಜೊತೆಗೆ ಕಳಿಸಿದ್ದರು. ಅವರ ಸಿನಿಮಾಗಳನ್ನು ಮಂಗಳೂರಿನಲ್ಲಿ ಹೆದರಿ ಬೆರಳ ಸಂದಿಯಿಂದ ನೋಡಿದವಳು ನಾನು. ಮಾತಾಡಿಸಿದರೆ ಇರಲಿ ಎಂದು ನಾಲ್ಕು ಇಂಗ್ಲಿಷ್ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅವರು ಹೇಳಿದ್ದು ಕಿಟಕಿ ಮುಚ್ಚು ಎಂದಷ್ಟೆ.

ಜೀಪು ಓಡಿಸುತ್ತಿದ್ದವನು ಪಡುಬಿದ್ರಿಯ ಸುಧಾಕರ. ನೆಲಬಾಂಬು ತೆಗೆದ ದಾರಿಗೆ ಗೂಟ ನೆಟ್ಟು ಗುರುತು ಮಾಡಿದ್ದರು. ಹೊಗೆಗೆ ಹಗಲೇ ಕತ್ತಲಾಗಿ ಗೂಟಗಳು ಕಾಣದಾದವು. ಜೀಪು ತಟ್ಟನೆ ನಿಂತಿತು.

“ಸಿಸ್ಟರ್, ಅಲುಗಾಡ್ಬೇಡಿ ಮಾರಾಯ್ರೆ. ಎದುರಿನ ಟಯರಿನ ಹತ್ರ ಎಂತದೋ ಉಂಟು.”

ಹೆಡ್‌ಲೈಟಿನ ಬೆಳಕಿನಲ್ಲಿ ಮರಳಿನಿಂದ ಲೋಹದ ಅಂಚೊಂದು ಇಣುಕುತ್ತಿತ್ತು. ಹಿಂದೆ ಗೂಟಗಳ ದಾರಿಯಲ್ಲೇ ಉಳಿದಿದ್ದ ಚಿತ್ರತಂಡದವರು ಇಳಿಯಬೇಡಿ ಎಂದು ಕೂಗಿ ಹೇಳಿ, ಬಾಂಬು ತೆಗೆಯುವವರನ್ನು ಕರೆತರಲು ಹೋದರು.

“ಹಿಂದಕ್ಕೆ ತೆಗೆ,” ಎಂದರು ನಿರ್ದೇಶಕರು.

“ನೋ ಸರ್. ಹಿಂದೆ ಎಂತ ಉಂಟಂತ ಯಾರಿಗೆ ಗೊತ್ತು? ಖಲಾಸ್, ನಾನು ಗಾಡಿ ಮುಟ್ಟುವುದಿಲ್ಲ.”

ಅವರು ಕೂಗಾಡಿದರು. ಬಾಗಿಲಿಗೆ ಕೈ ಹಾಕಿದರು. ನಾನು ಮಣಿಕಟ್ಟು ಹಿಡಿದೆಳೆದೆ. ನಾಡಿ ದಿಕ್ಕೆಟ್ಟು ಓಡುತ್ತಿತ್ತು. ನಾಲಗೆಯಡಿ ಮಾತ್ರೆ ಇಟ್ಟು, “ಏನಾದರೂ ಮಾತಾಡುತ್ತಿರಿ ಸರ್,” ಎಂದೆ. ಮಾತಾಡುವಷ್ಟು ಹೊತ್ತು ಉಸಿರು ಇದೆಯೆಂದು ನನಗೆ ಗೊತ್ತಾಗುತ್ತದಲ್ಲ.

ಹಾಗೆ ಅವರ ಬದುಕು ಹೊರಬಂತು. ಲಂಡನ್ನಿನಲ್ಲಿ ಮೀನು ಮಾರುತ್ತಿದ್ದ ಅಪ್ಪ. ಬಾಂಬು ಬೀಳುವಾಗ ನೆಲದಡಿಯ ರೈಲು ನಿಲ್ದಾಣದಲ್ಲಿ ಮಲಗಿದ ಬಾಲ್ಯ. ಸ್ಟುಡಿಯೋದಲ್ಲಿ ನೆಲ ಗುಡಿಸಿದ್ದು. ಯಾರೂ ನೋಡದ ಮೊದಲ ಚಿತ್ರ. ಆಮೇಲೆ ಹೆದರಿಸುವ ಚಿತ್ರಗಳು, ಹಣ, ರಾಣಿಯ ಕೈಯಿಂದ ಬಿರುದು. “ಜನ ಕಿರುಚುವುದನ್ನು ನೋಡಲು ಕೊನೆಯ ಸಾಲಿನಲ್ಲಿ ಕೂರುತ್ತಿದ್ದೆ. ಕಿರುಚಿದಾಗ ಖುಷಿಯಾಗುತ್ತಿತ್ತು,” ಎಂದರು. ಗಾಳಿಗೆ ಜೀಪು ಒಂದಿಷ್ಟು ಅಲುಗಿತು. ಸುಧಾಕರ ಕಣ್ಣು ಮುಚ್ಚಿದ. ನನಗೆ ಚಿಕ್ಕಂದಿನಿಂದ ಹೇಳುತ್ತಿದ್ದ ಕೊಂಕಣಿ ಪ್ರಾರ್ಥನೆ ಅರ್ಧದಲ್ಲೇ ಮರೆತುಹೋಯಿತು.

ಆಗ ಮೂತ್ರದ ವಾಸನೆ ಬಂತು. ನಿರ್ದೇಶಕರ ಬೂದು ಪ್ಯಾಂಟು ತೊಡೆಯವರೆಗೆ ಒದ್ದೆ. ನಮ್ಮ ವೃತ್ತಿಯಲ್ಲಿ ಅದೇನೂ ಹೊಸದಲ್ಲ. ಆದರೆ ಅವರು ಮುಖ ಕಿಟಕಿಗೆ ತಿರುಗಿಸಿ, “ಅವರು ಬರುತ್ತಾರೆ. ಕ್ಯಾಮೆರಾ ತರುತ್ತಾರೆ,” ಎಂದು ಪಿಸುಗುಟ್ಟಿದಾಗ ದನಿಯಲ್ಲಿದ್ದ ಹೆದರಿಕೆ, ಬಾಂಬಿನ ಹೆದರಿಕೆಗಿಂತ ದೊಡ್ಡದಾಗಿತ್ತು.

ಕೊನೆಗೂ ಜನ ಬಂದರು. ಹೊಟ್ಟೆಯ ಮೇಲೆ ತೆವಳಿ, ಮರಳು ಕೆದಕಿ, ಅದನ್ನು ನಿಷ್ಕ್ರಿಯ ಮಾಡಿ ಎದ್ದು ನಿಂತರು. ಹಿಂದೆಯೇ ಕ್ಯಾಮೆರಾ. ಬಾಗಿಲು ತೆರೆಯುವ ಮೊದಲು ನಾನು ಕಾಲ ಬಳಿಯಿದ್ದ ಫ್ಲಾಸ್ಕಿನ ಮುಚ್ಚಳ ತಿರುವಿ, ಆರಿದ್ದ ಚಹಾವನ್ನೆಲ್ಲ ನಿರ್ದೇಶಕರ ಮಡಿಲಿಗೆ ಸುರಿದುಬಿಟ್ಟೆ.

ಕನ್ನಡಿಯಲ್ಲಿ ಎಲ್ಲ ನೋಡಿದ್ದ ಸುಧಾಕರ ಎಲ್ಲರಿಗೂ ಕೇಳುವಂತೆ ಬೈದ: “ಎಂತ ಸಿಸ್ಟರ್, ಕೈ ಬಿಗಿ ಹಿಡೀಲಿಕ್ಕೆ ಆಗುದಿಲ್ವಾ?”

ನಿರ್ದೇಶಕರು ಇಳಿದು ನಡೆದರು. ನನ್ನತ್ತ ತಿರುಗಿ ನೋಡಲಿಲ್ಲ. ಮರುದಿನ ಬೇರೆ ನರ್ಸನ್ನು ಕೇಳಿದರಂತೆ.

ಮೊನ್ನೆ ಟಿ.ವಿ.ಯಲ್ಲಿ ಅವರ ಹಳೆಯ ಸಂದರ್ಶನವನ್ನೂ ತೋರಿಸಿದರು. ಕುವೈತಿನಲ್ಲಿ ಹೆದರಿದ್ದಿರಾ ಎಂಬ ಪ್ರಶ್ನೆಗೆ, “ಬಾಂಬಿಗಲ್ಲ, ನನ್ನ ಮೇಲೆ ಚಹಾ ಚೆಲ್ಲಿದ ನರ್ಸಿಗೆ,” ಎಂದು ನಕ್ಕರು. ನನಗೆ ಕೋಪ ಬಂತು, ಸುಳ್ಳು ಹೇಳುವುದಿಲ್ಲ. ನಗು ಮುಗಿದ ಮೇಲೆ ಅವರು ತಲೆ ತಗ್ಗಿಸಿ, ಒಣಗಿಯೇ ಇದ್ದ ಪ್ಯಾಂಟಿನ ತೊಡೆಯನ್ನು ಅಂಗೈಯಿಂದ ಮೆಲ್ಲಗೆ ಒರೆಸಿಕೊಂಡರು. ಅದನ್ನು ನೋಡಿ ಕೋಪ ಇಳಿಯಿತು.

“ಮಮ್ಮಿ, ಯು ವೆಂಟ್ ವಿತ್ ಅ ಫಿಲ್ಮ್ ಟೀಮ್, ನೋ?” ಪಕ್ಕದಲ್ಲಿ ಕುಳಿತಿದ್ದ ಮಗಳು ಕಣ್ಣರಳಿಸಿದಳು. “ಆ ನರ್ಸ್ ನೀನಾ? ಸೋ ಎಂಬರಾಸಿಂಗ್!”

“ಹೌದು, ನಾನೇ,” ಎಂದೆ. “ಕೈ ನಡುಗಿತು.”

ನಡುಗಿದ್ದಂತೂ ನಿಜ.